18 ಪೌಂಡ್ ಸ್ಪ್ರಿಂಗ್ ಸರಿ, ಯಾವ ಎತ್ತರದಲ್ಲಿ 18?

ಅಮೆರಿಕದ ಕಾರ್ಟ್ ರೇಸಿಂಗಿನಲ್ಲಿ ಹೋಂಡಾ ಜಿಎಕ್ಸ್200 ಮಾದರಿಯ ಚೀನೀ ಎಂಜಿನ್ನುಗಳಿಗೇ ಮೀಸಲಾದ ವರ್ಗಗಳಿವೆ. ಅಲ್ಲಿಯವರು ಅದನ್ನು ‘ಕ್ಲೋನ್’ ಅನ್ನುತ್ತಾರೆ. 68 ಮಿ.ಮೀ. ಬೋರ್, 54 ಮಿ.ಮೀ. ಸ್ಟ್ರೋಕ್, 196 ಸಿಸಿ, ಪುಶ್ ರಾಡ್ ಇರುವ ಎರಡು ವಾಲ್ವಿನ ಎಂಜಿನ್. ನಮ್ಮಲ್ಲಿ ಇದೇ ವಂಶದ್ದು ನೀರಿನ ಪಂಪಿನಲ್ಲಿ, ಜನರೇಟರಿನಲ್ಲಿ, ಕೆಲವು ಬಾಡಿಗೆ ಕಾರ್ಟ್‌ಗಳಲ್ಲಿ ಕಾಣಸಿಗುತ್ತದೆ. ಹಾಗಾಗಿ ಇಲ್ಲಿ ಬರೆದದ್ದನ್ನು ಹಳೆಯ ಪಂಪ್ ಸೆಟ್ಟಿನ ಹೆಡ್ ಒಂದನ್ನು ಬೆಂಚಿನ ಮೇಲಿಟ್ಟುಕೊಂಡೂ ಮಾಡಿ ನೋಡಬಹುದು.

ಈ ಎಂಜಿನ್ನಿನ ವಾಲ್ವನ್ನು ಮುಚ್ಚಿ ಹಿಡಿಯುವ ವಾಲ್ವ್ ಸ್ಪ್ರಿಂಗ್ ಕೊಳ್ಳಲು ಹೋದರೆ 10.8 ಪೌಂಡ್, 18 ಪೌಂಡ್, 22 ಪೌಂಡ್, 26 ಪೌಂಡ್ ಎಂಬ ಹೆಸರುಗಳು ಸಿಗುತ್ತವೆ. ಇವು ಹೆಸರುಗಳಷ್ಟೇ. ಸ್ಪ್ರಿಂಗನ್ನು ಎಷ್ಟು ಎತ್ತರಕ್ಕೆ ಅದುಮಿದಾಗ ಆ ತೂಕ ಬರುತ್ತದೆ ಎಂದು ಹೇಳದೆ ಹೋದರೆ ಆ ಅಂಕಿಗೆ ಅರ್ಥವೇ ಇಲ್ಲ. ಒಂದು ಲೆಕ್ಕ ನೋಡಿ. ಬಿಡುವಾಗಿ ನಿಂತಾಗ 30.5 ಮಿ.ಮೀ. ಉದ್ದದ ಸ್ಪ್ರಿಂಗ್, 21.6 ಮಿ.ಮೀ.ಗೆ ಅದುಮಿದಾಗ 4.9 ಕೆ.ಜಿ. ತೋರಿಸಿತು ಎನ್ನೋಣ. ಅದುಮಿದ್ದು 8.9 ಮಿ.ಮೀ. ಅಂದರೆ ಪ್ರತಿ ಮಿ.ಮೀ.ಗೆ 0.55 ಕೆ.ಜಿ. ವಾಲ್ವ್ ಇನ್ನೂ 6 ಮಿ.ಮೀ. ತೆರೆದರೆ ಸ್ಪ್ರಿಂಗಿನ ಎತ್ತರ 15.6 ಮಿ.ಮೀ., ಒತ್ತಡ 8.2 ಕೆ.ಜಿ. ಈಗ ಪೌಂಡಿಗೆ ತಿರುಗಿಸಿ: ಮುಚ್ಚಿದಾಗ 10.8, ತೆರೆದಾಗ 18. ಒಂದೇ ಸ್ಪ್ರಿಂಗಿಗೆ ಎರಡೂ ಹೆಸರು ಸಲ್ಲುತ್ತವೆ. ಮಾರುವವರು ಯಾವುದನ್ನು ಹೇಳುತ್ತಿದ್ದಾರೆ ಎಂಬುದು ಎತ್ತರ ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ಇನ್‌ಸ್ಟಾಲ್ಡ್ ಹೈಟ್ ಅಂದರೆ ವಾಲ್ವ್ ಪೂರ್ತಿ ಮುಚ್ಚಿರುವಾಗ ಸ್ಪ್ರಿಂಗ್ ಎಷ್ಟು ಜಾಗದಲ್ಲಿ ಕೂತಿದೆ ಎಂಬುದು: ಕೆಳಗೆ ಹೆಡ್ಡಿನ ಮೇಲೆ ಸ್ಪ್ರಿಂಗ್ ಕೂರುವ ಮುಖದಿಂದ, ಮೇಲೆ ರಿಟೈನರ್ (ಸ್ಪ್ರಿಂಗನ್ನು ವಾಲ್ವಿನ ದಂಡಿಗೆ ಹಿಡಿದಿಡುವ ಬಿಲ್ಲೆ) ಸ್ಪ್ರಿಂಗನ್ನು ಒತ್ತುವ ಮುಖದವರೆಗೆ. ಇಲ್ಲಿ ಅದನ್ನು ಕೂರುವ ಎತ್ತರ ಎನ್ನುತ್ತೇನೆ. ಒತ್ತಡ ಅನ್ನುವುದೂ ವಾಡಿಕೆಯ ಮಾತು. ಅಳೆಯುವುದು ಬಲವನ್ನು, ಅದಕ್ಕೇ ಕೆ.ಜಿ. ಮತ್ತು ಪೌಂಡ್. ನಮ್ಮ ಗ್ಯಾರೇಜುಗಳಲ್ಲಿ ಇದನ್ನೇ ಸ್ಪ್ರಿಂಗ್ ಟೆನ್ಷನ್ ಅನ್ನುತ್ತಾರೆ.

ಇಷ್ಟು ಸಣ್ಣ ಎಂಜಿನ್ನಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೆ? ಬೇಕು, ಸಣ್ಣದಾದ್ದರಿಂದಲೇ ಬೇಕು. ಕಾರಿನ ಎಂಜಿನ್ನಿನಲ್ಲಿ ಮುಚ್ಚಿದ ಒತ್ತಡವೇ ಹತ್ತಾರು ಕೆ.ಜಿ. ಇರುತ್ತದೆ. ಅಲ್ಲಿ ಅರ್ಧ ಕೆ.ಜಿ. ಹೆಚ್ಚುಕಡಿಮೆ ಯಾರಿಗೂ ತಿಳಿಯುವುದಿಲ್ಲ. ಇಲ್ಲಿ ಒಟ್ಟು ಇರುವುದೇ 5 ಕೆ.ಜಿ. ಕಂಪನಿ ಕೊಟ್ಟ ಗವರ್ನರ್ ಎಂಜಿನ್ನನ್ನು 3600 ಆರ್‌ಪಿಎಂ ಆಸುಪಾಸಿನಲ್ಲಿ ಹಿಡಿದಿಡುತ್ತದೆ, ಸ್ಪ್ರಿಂಗನ್ನು ಮಾಡಿರುವುದೂ ಅಷ್ಟಕ್ಕೇ. ಗವರ್ನರ್ ತೆಗೆದು 6000ಕ್ಕೆ ಓಡಿಸಿದರೆ ವಾಲ್ವ್ ಸೆಕೆಂಡಿಗೆ 50 ಸಲ ತೆರೆದು ಮುಚ್ಚಬೇಕು. ವೇಗ ಹೆಚ್ಚಿದ್ದು 1.67 ಪಟ್ಟು. ಆದರೆ ವಾಲ್ವ್, ರಿಟೈನರ್, ಕ್ಯಾಮಿನ ಚಲನೆಯನ್ನು ವಾಲ್ವಿಗೆ ಮುಟ್ಟಿಸುವ ರಾಕರ್, ಪುಶ್ ರಾಡ್, ಲಿಫ್ಟರ್ ಎಲ್ಲವನ್ನೂ ಕ್ಯಾಮಿಗೆ ಅಂಟಿಕೊಂಡಿರುವಂತೆ ಹಿಡಿಯಲು ಬೇಕಾದ ಬಲ ವೇಗದ ವರ್ಗದಷ್ಟು ಏರುತ್ತದೆ, ಅಂದರೆ ಸುಮಾರು 2.8 ಪಟ್ಟು. 7000ಕ್ಕೆ ಹೋದರೆ 3.8 ಪಟ್ಟು. ಸ್ಪ್ರಿಂಗ್ ಆ ಬಲ ಕೊಡಲಾರದ ಕ್ಷಣದಲ್ಲಿ ಲಿಫ್ಟರ್ ಕ್ಯಾಮನ್ನು ಬಿಟ್ಟು ಹಾರುತ್ತದೆ. ಇದೇ ವಾಲ್ವ್ ಫ್ಲೋಟ್. ಕಂಪನಿಯ ಸ್ಪ್ರಿಂಗಿನಲ್ಲಿ ಇದು 5500ರ ಆಸುಪಾಸಿನಲ್ಲಿ ಶುರುವಾಗುತ್ತದೆ.

ಮೆದು ಸ್ಪ್ರಿಂಗನ್ನೇ ಬಳಸಬೇಕೆಂದು ಹೇಳುವ ರೇಸ್ ವರ್ಗಗಳಲ್ಲಿ ಈ ಫ್ಲೋಟೇ ರೆವ್ ಲಿಮಿಟರಿನ ಕೆಲಸ ಮಾಡುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕುವವರು ಇದನ್ನು ಮರೆಯಬಾರದು. ಎಂಜಿನ್ 5500ಕ್ಕೆ ತಾನಾಗಿ ನಿಲ್ಲುತ್ತಿತ್ತು, ಇನ್ನು ನಿಲ್ಲುವುದಿಲ್ಲ. ಕಂಪನಿಯ ಎರಕದ ಫ್ಲೈವೀಲೂ ಕನೆಕ್ಟಿಂಗ್ ರಾಡೂ ಆ ವೇಗಕ್ಕೆ ಮಾಡಿದವಲ್ಲ. ಒಡೆದ ಫ್ಲೈವೀಲಿನ ಚೂರು ಪಕ್ಕದಲ್ಲಿ ನಿಂತವರ ಜೀವ ತೆಗೆಯಬಲ್ಲದು. ಬಿಲೆಟ್ (ಗಟ್ಟಿ ಲೋಹದ ತುಂಡಿನಿಂದ ಕಡೆದ) ಫ್ಲೈವೀಲ್ ಮತ್ತು ರಾಡ್ ಹಾಕುವ ಮೊದಲು 26 ಪೌಂಡ್ ಸ್ಪ್ರಿಂಗನ್ನು ಕೈಗೆತ್ತಿಕೊಳ್ಳಲೇಬೇಡಿ.

ಎತ್ತರ ಅಳೆಯುವುದು

ಕಾರ್ ಎಂಜಿನ್ನಿಗೆಂದು ಮಾರುವ ಸ್ಪ್ರಿಂಗ್ ಹೈಟ್ ಮೈಕ್ರೋಮೀಟರ್ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಸಾಮಾನ್ಯವಾಗಿ ಸಿಗುವುದರ ಅಳತೆ 1.4 ಇಂಚಿನಿಂದ ಶುರು. ಈ ಎಂಜಿನ್ನಿನ ಕೂರುವ ಎತ್ತರ ಒಂದು ಇಂಚೂ ಇಲ್ಲ, 20ರಿಂದ 23 ಮಿ.ಮೀ. ನಡುವೆ ಬರುತ್ತದೆ. ಆದ್ದರಿಂದ ಬೇರೆ ದಾರಿ ಹುಡುಕಬೇಕು.

ಹೆಡ್ಡನ್ನು ಬಿಚ್ಚಿ ಬೆಂಚಿನ ಮೇಲೆ ತನ್ನಿ. ಕಂಬಶ್ಚನ್ ಚೇಂಬರಿನೊಳಗೆ ಹಿಡಿಯುವಂತೆ ಕೊರೆದ ಮರದ ತುಂಡನ್ನು ವಾಲ್ವ್‌ಗಳ ಕೆಳಗಿಟ್ಟು ಹೆಡ್ಡನ್ನು ಅದರ ಮೇಲೆ ಕೂರಿಸಿ. ಜಿಎಕ್ಸ್200ರ ರಿಟೈನರಿಗೆ ಬೇರೆ ಕಾಟರ್ ಲಾಕುಗಳಿಲ್ಲ. ರಿಟೈನರಿನ ತೂತೇ ಬೀಗದ ಕೈ ತೂತಿನಂತಿದೆ. ಎರಡು ಹೆಬ್ಬೆರಳಿನಿಂದ ಅದುಮಿ ಪಕ್ಕಕ್ಕೆ ಸರಿಸಿದರೆ ಬಿಟ್ಟುಕೊಳ್ಳುತ್ತದೆ. ಕನ್ನಡಕ ಹಾಕಿಕೊಂಡೇ ಮಾಡಿ. ಎಕ್ಸಾಸ್ಟ್ ವಾಲ್ವಿನ ತುದಿಯ ಮೇಲೆ ಒಂದು ಪುಟ್ಟ ಟೊಪ್ಪಿ ಇರುತ್ತದೆ, ಅದೇ ರೊಟೇಟರ್. ಮೊದಲು ಅದನ್ನು ಎತ್ತಿಟ್ಟುಕೊಳ್ಳಿ, ಬಿದ್ದರೆ ಹುಡುಕುವುದು ಕಷ್ಟ. ಇನ್‌ಟೇಕ್ ಮತ್ತು ಎಕ್ಸಾಸ್ಟ್ ರಿಟೈನರುಗಳು ಒಂದೇ ಅಲ್ಲ, ಒಂದರ ಜಾಗಕ್ಕೆ ಇನ್ನೊಂದು ಹೋದರೆ ಅಳತೆಯೆಲ್ಲ ಕೆಡುತ್ತದೆ. ವಾಲ್ವ್, ರಿಟೈನರ್, ಸ್ಪ್ರಿಂಗ್ ಮೂರನ್ನೂ ಜೊತೆಜೊತೆಯಾಗಿ ಎರಡು ಡಬ್ಬಿಯಲ್ಲಿಡಿ.

ವಾಲ್ವ್ ಸೀಟಿನ ಕೆಲಸ, ಅಂದರೆ ಕಟಿಂಗ್, ಲ್ಯಾಪಿಂಗ್, ಎಲ್ಲ ಮುಗಿದ ಮೇಲೆಯೇ ಎತ್ತರ ಅಳೆಯಬೇಕು. ಸೀಟನ್ನು 0.3 ಮಿ.ಮೀ. ಕತ್ತರಿಸಿದರೆ ವಾಲ್ವ್ ಅಷ್ಟು ಒಳಗೆ ಹೋಗುತ್ತದೆ, ಅದರ ದಂಡು ಅಷ್ಟೇ ಮೇಲೆ ಬರುತ್ತದೆ, ಕೂರುವ ಎತ್ತರ ಹೆಚ್ಚುತ್ತದೆ, ಒತ್ತಡ ಕಡಿಮೆಯಾಗುತ್ತದೆ. ಹೊಸದಾಗಿ ಗ್ರೈಂಡ್ ಮಾಡಿಸಿದ ಹೆಡ್ ಮೊದಲಿಗಿಂತ ಬೇಗ ಫ್ಲೋಟ್ ಆಗುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ. ಸೀಟ್ ಚೆನ್ನಾಗಿ ಬಂದಿದೆ, ಸ್ಪ್ರಿಂಗ್ ಹೊಸದು, ಆದರೂ ಎಂಜಿನ್ ಏರುತ್ತಿಲ್ಲ ಎಂದು ಕಾರ್ಬುರೇಟರ್ ಜೆಟ್ ಬದಲಿಸುತ್ತಾ ಕೂರುವವರಿದ್ದಾರೆ.

ಸ್ಪ್ರಿಂಗ್ ಇಲ್ಲದೆ ವಾಲ್ವನ್ನು ಹಾಕಿ, ರಿಟೈನರ್ ಕೂರಿಸಿ, ವಾಲ್ವ್ ಸೀಟಿಗೆ ಗಟ್ಟಿಯಾಗಿ ಕಚ್ಚುವಂತೆ ರಿಟೈನರನ್ನು ಮೇಲಕ್ಕೆಳೆದು ಹಿಡಿಯಿರಿ. 19ರಿಂದ 32 ಮಿ.ಮೀ. ಅಳತೆಯ ಟೆಲಿಸ್ಕೋಪಿಕ್ ಗೇಜನ್ನು ವಾಲ್ವಿನ ದಂಡು ಜಾರುವ ಗೈಡಿನ ಪಕ್ಕದಲ್ಲಿ ನಿಲ್ಲಿಸಿ, ಬಿಗಿದು, ತೆಗೆದು ಮೈಕ್ರೋಮೀಟರಿನಲ್ಲಿ ಓದಿ. ಎದುರುಬದುರು ಎರಡು ಕಡೆ ಅಳೆಯಿರಿ. ರಿಟೈನರಿನ ನಡುವೆ ಕೆಳಕ್ಕೆ ಇಳಿದ ದಿಬ್ಬವಿರುತ್ತದೆ. ಗೇಜು ಅದಕ್ಕೆ ತಾಗಬಾರದು, ಸ್ಪ್ರಿಂಗ್ ಒತ್ತುವ ಅಂಚಿಗೇ ತಾಗಬೇಕು. ಹೆಡ್ಡಿನಲ್ಲಿ ಸ್ಪ್ರಿಂಗ್ ಕೆಳಗೆ ಕೂರುವ ತೆಳು ಸೀಟ್ ವಾಷರ್ ಇದ್ದರೆ ಅದನ್ನು ಹಾಕಿಯೇ ಅಳೆಯಬೇಕು.

ನನಗೆ ಇದಕ್ಕಿಂತ ಹಿಡಿಸುವುದು ಲೇತಿನಲ್ಲಿ ಮಾಡಿಸಿಕೊಂಡ ಅಳತೆ ತುಂಡು. ಗೈಡ್ ಮತ್ತು ಸೀಲನ್ನು ಸಲೀಸಾಗಿ ಒಳಗೆ ಬಿಟ್ಟುಕೊಳ್ಳುವಷ್ಟು ಬೋರ್, ಸ್ಪ್ರಿಂಗಿನಷ್ಟೇ ಹೊರ ವ್ಯಾಸ ಇರುವ ಉಕ್ಕಿನ ಬುಷ್. ಉದ್ದ ಸರಿಯಾಗಿ 20.00 ಮಿ.ಮೀ., ಎರಡೂ ಮುಖ ಒಂದೇ ಸೆಟ್ಟಿಂಗಿನಲ್ಲಿ ಸಮಾಂತರವಾಗಿ ಬಂದಿರಬೇಕು. ಆಮೇಲೆ ಅದರ ಪಕ್ಕವನ್ನು ಸೀಳಿ ‘ಸಿ’ ಆಕಾರ ಮಾಡಿದರೆ ರಿಟೈನರ್ ತೆಗೆಯದೆಯೇ ಪಕ್ಕದಿಂದ ತೂರಿಸಬಹುದು. ತುಂಡನ್ನು ಹೆಡ್ಡಿನ ಮೇಲೆ ಕೂರಿಸಿ, ರಿಟೈನರನ್ನು ಮೇಲೆಳೆದು ಹಿಡಿದು, ನಡುವೆ ಉಳಿದ ಸಂದಿಗೆ ಫೀಲರ್ ಗೇಜ್ ಹಾಕಿ. 1.45 ಹೋಗಿ 1.50 ಹೋಗದಿದ್ದರೆ ಎತ್ತರ 21.45. ಕೈಯ ಬಿಗಿ, ಗೇಜಿನ ಓರೆ ಯಾವುದೂ ನಡುವೆ ಬರುವುದಿಲ್ಲ. ಬೇರೆಬೇರೆಯವರು ಅಳೆದರೂ ಉತ್ತರ ಒಂದೇ ಬರುತ್ತದೆ.

ವರ್ನಿಯರಿನ ಹಿಂಬದಿಯ ಕಡ್ಡಿ ಇಳಿಸಿ ರಿಟೈನರಿನ ಮೇಲ್ಮೈಯಿಂದ ಸೀಟಿಗೆ ಆಳ ಅಳೆದು, ಅಂಚಿನ ದಪ್ಪ ಕಳೆಯುವ ದಾರಿಯೂ ಇದೆ. ಕಡ್ಡಿ ಸ್ವಲ್ಪ ಓರೆಯಾದರೂ 0.2 ಮಿ.ಮೀ. ತಪ್ಪು ಬರುವುದರಿಂದ ಅಂದಾಜಿಗೆ ಮಾತ್ರ ಸರಿ.

ಒತ್ತಡ ಅಳೆಯುವುದು

ಡಿಜಿಟಲ್ ಸ್ಪ್ರಿಂಗ್ ಟೆಸ್ಟರ್ ಇದ್ದರೆ ಒಳ್ಳೆಯದು. ಆದರೆ ಕಾರ್ ಸ್ಪ್ರಿಂಗಿಗೆ ಮಾಡಿದ, ನೂರಾರು ಕೆ.ಜಿ. ತನಕ ಓದುವ ಟೆಸ್ಟರನ್ನು ಈ 5 ಕೆ.ಜಿ. ಸ್ಪ್ರಿಂಗಿಗೆ ಬಳಸಬೇಡಿ. ಅದರ ಮುಳ್ಳಿನ ಒಂದು ಗೆರೆಯೇ ನಮ್ಮ ಇಡೀ ವ್ಯತ್ಯಾಸವನ್ನು ನುಂಗುತ್ತದೆ. ಅದಕ್ಕಿಂತ ದಿನಸಿ ಅಂಗಡಿಯಲ್ಲಿರುವಂಥ 30 ಕೆ.ಜಿ.ಯ ಎಲೆಕ್ಟ್ರಾನಿಕ್ ತಕ್ಕಡಿ ಎಷ್ಟೋ ನಿಖರ. ತಕ್ಕಡಿಯನ್ನು ಡ್ರಿಲ್ಲಿಂಗ್ ಮಷಿನ್ನಿನ ಮೇಜಿನ ಮೇಲಿಡಿ, ಮಷಿನ್ನಿನ ಪ್ಲಗ್ ಕಿತ್ತಿಡಿ. ತಟ್ಟೆಯ ನಡುವೆ ಚಪ್ಪಟೆ ಉಕ್ಕಿನ ತುಂಡು, ಅದರ ಮೇಲೆ ಸ್ಪ್ರಿಂಗ್, ಸ್ಪ್ರಿಂಗಿನ ಮೇಲೆ ಅದರದೇ ರಿಟೈನರ್. ಡ್ರಿಲ್ಲಿನ ಚಕ್‌ಗೆ ತುದಿ ಚಪ್ಪಟೆ ಮಾಡಿದ ಸರಳು. ಸ್ಪ್ರಿಂಗ್ ಇಡುವ ಮೊದಲು ಉಕ್ಕಿನ ತುಂಡು, ರಿಟೈನರ್ ಎರಡನ್ನೂ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿಕೊಳ್ಳಿ. ಮುದ್ರೆ ಬಿದ್ದ 5 ಮತ್ತು 10 ಕೆ.ಜಿ.ಯ ತೂಕದ ಕಲ್ಲು ಇಟ್ಟು ತಕ್ಕಡಿ ಸರಿ ಇದೆಯೇ ಎಂದು ನೋಡಿಕೊಳ್ಳಿ.

ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಸರಳು ಇಷ್ಟು ಇಳಿಯಿತು, ಆದ್ದರಿಂದ ಸ್ಪ್ರಿಂಗ್ ಇಷ್ಟು ಅದುಮಿತು ಎಂದು ಲೆಕ್ಕ ಹಾಕುತ್ತಾರೆ. ತಕ್ಕಡಿಯ ತಟ್ಟೆಯೂ ಭಾರಕ್ಕೆ ಬಗ್ಗುತ್ತದೆ, ಮೇಜೂ ಸ್ವಲ್ಪ ಬಗ್ಗುತ್ತದೆ. ಇಳಿತವನ್ನು ನಂಬದೆ ಸ್ಪ್ರಿಂಗಿನ ಎತ್ತರವನ್ನೇ, ಅಂದರೆ ಉಕ್ಕಿನ ತುಂಡಿನ ಮುಖದಿಂದ ರಿಟೈನರಿನ ಒತ್ತುವ ಮುಖದವರೆಗೆ, ನೇರವಾಗಿ ಅಳೆಯಬೇಕು. ಬೇಕಾದ ಎತ್ತರಕ್ಕೆ ಸರಿಯಾದ ಸಣ್ಣ ಕಂಬಿಯೊಂದನ್ನು ಕತ್ತರಿಸಿ ಸ್ಪ್ರಿಂಗಿನ ಪಕ್ಕದಲ್ಲಿ ನಿಲ್ಲಿಸಿ. ರಿಟೈನರಿನ ಅಂಚು ಅದಕ್ಕೆ ತಾಗಿತೋ ಇಲ್ಲವೋ ಎನ್ನುವ ಹಂತದಲ್ಲಿ ತೂಕ ಓದಿ. ಕಂಬಿಗೆ ತಾಗಿದ ಮೇಲೂ ಒತ್ತಿದರೆ ತಕ್ಕಡಿ ಕಂಬಿಯ ಭಾರವನ್ನೂ ಸೇರಿಸಿ ತೋರಿಸುತ್ತದೆ. ತೂಕ ದಿಢೀರನೆ ಏರಿದ್ದು ಕಂಡರೆ ಹಿಂದಕ್ಕೆ ಬನ್ನಿ.

ಓದುವ ಮೊದಲು ಸ್ಪ್ರಿಂಗನ್ನು ತೆರೆದ ಎತ್ತರದವರೆಗೆ ನಾಲ್ಕೈದು ಸಲ ಅದುಮಿ ಬಿಡಿ. ಹೊಸ ಸ್ಪ್ರಿಂಗ್ ಮೊದಲ ಕೆಲವು ಸಲ ಸ್ವಲ್ಪ ಸೆಟ್ ಆಗುತ್ತದೆ. ಆಮೇಲೆ ಮೂರು ಸಲ ಅಳೆಯಿರಿ, ಪ್ರತಿ ಸಲ ಸ್ಪ್ರಿಂಗನ್ನು ಮೂರನೇ ಒಂದು ಸುತ್ತು ತಿರುಗಿಸಿ. ಮೂರೂ 50 ಗ್ರಾಮಿನೊಳಗೆ ಹೊಂದದಿದ್ದರೆ ಸ್ಪ್ರಿಂಗಿನ ತುದಿ ಓರೆಯಿದೆ ಅಥವಾ ತುಂಡು ನಡುವಿನಲ್ಲಿಲ್ಲ.

ಎರಡು ಎತ್ತರದಲ್ಲಿ ಓದಬೇಕು. ಒಂದು ಕೂರುವ ಎತ್ತರ. ಇನ್ನೊಂದು ತೆರೆದ ಎತ್ತರ, ಅಂದರೆ ಕೂರುವ ಎತ್ತರದಿಂದ ವಾಲ್ವಿನ ನಿಜವಾದ ಲಿಫ್ಟ್ (ವಾಲ್ವ್ ತೆರೆಯುವ ದೂರ) ಕಳೆದದ್ದು. ಲಿಫ್ಟನ್ನು ಕ್ಯಾಮಿನ ಪಟ್ಟಿಯಿಂದ ತೆಗೆದುಕೊಳ್ಳಬೇಡಿ. ಎಂಜಿನ್ ಜೋಡಿಸಿದಾಗ ರಿಟೈನರಿನ ಮೇಲೆ ಡಯಲ್ ಗೇಜ್ ಇಟ್ಟು ಕ್ರ್ಯಾಂಕ್ ತಿರುಗಿಸಿ ಓದಿ. ರಾಕರಿನ ಅನುಪಾತ, ಟ್ಯಾಪೆಟ್ ಗ್ಯಾಪ್, ಗಟ್ಟಿ ಸ್ಪ್ರಿಂಗಿಗೆ ಪುಶ್ ರಾಡ್ ಬಾಗುವುದು ಎಲ್ಲವೂ ಅದರಲ್ಲಿ ಸೇರಿಕೊಂಡಿರುತ್ತವೆ. ಎರಡು ಓದಿನ ವ್ಯತ್ಯಾಸವನ್ನು ಲಿಫ್ಟಿನಿಂದ ಭಾಗಿಸಿದರೆ ಸ್ಪ್ರಿಂಗ್ ರೇಟ್ ಸಿಗುತ್ತದೆ. ಈ ರೇಟ್ ಗೊತ್ತಿದ್ದರೆ ಶಿಮ್ (ಸ್ಪ್ರಿಂಗಿನ ಕೆಳಗಿಡುವ ತೆಳು ಬಿಲ್ಲೆ) ಹಾಕುವುದು ಊಹೆಯಾಗಿ ಉಳಿಯುವುದಿಲ್ಲ.

ಶಿಮ್ ಮತ್ತು ಅದರ ಮಿತಿ

ಮಾರುಕಟ್ಟೆಯ ಶಿಮ್ಮುಗಳು ಸಾಮಾನ್ಯವಾಗಿ 0.015, 0.030, 0.060 ಇಂಚು ದಪ್ಪದವು, ಅಂದರೆ 0.38, 0.76, 1.52 ಮಿ.ಮೀ. ಪ್ರತಿ ಮಿ.ಮೀ.ಗೆ 0.55 ಕೆ.ಜಿ.ಯ ಸ್ಪ್ರಿಂಗಿಗೆ 0.76ರ ಶಿಮ್ ಹಾಕಿದರೆ ಹೆಚ್ಚುವುದು 0.42 ಕೆ.ಜಿ., ಸುಮಾರು 0.9 ಪೌಂಡ್. ಅದೇ 30.5 ಮಿ.ಮೀ. ಉದ್ದದ, 21.6ರಲ್ಲಿ 11.8 ಕೆ.ಜಿ. ಅಂದರೆ 26 ಪೌಂಡ್ ಕೊಡುವ ಸ್ಪ್ರಿಂಗಿನ ರೇಟ್ 1.33. ಅದಕ್ಕೆ ಅದೇ ಶಿಮ್ ಹಾಕಿದರೆ 1 ಕೆ.ಜಿ. ಏರುತ್ತದೆ. ಸ್ಪ್ರಿಂಗ್ ಗಟ್ಟಿಯಾದಷ್ಟೂ ಎತ್ತರದ ತಪ್ಪಿಗೆ ತೆರಬೇಕಾದ ಬೆಲೆ ಹೆಚ್ಚು.

ಶಿಮ್ ಗಡಸು ಉಕ್ಕಿನದೇ ಆಗಿರಬೇಕು. ಹಾರ್ಡ್‌ವೇರ್ ಅಂಗಡಿಯ ವಾಷರ್ ಕೆಲವೇ ಗಂಟೆಗಳಲ್ಲಿ ಬಟ್ಟಲಿನಂತೆ ಬಾಗುತ್ತದೆ, ಕೆಳಗಿನ ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ. ಶಿಮ್ಮಿನ ಒಂದು ಮುಖದಲ್ಲಿ ಗರಗಸದಂಥ ಗೀರುಗಳಿದ್ದರೆ ಆ ಮುಖ ಹೆಡ್ಡಿನ ಕಡೆಗೆ. ಗಟ್ಟಿ ಸ್ಪ್ರಿಂಗನ್ನು ಬರಿಯ ಅಲ್ಯುಮಿನಿಯಮ್ ಮೇಲೆ ಕೂರಿಸಿದರೆ ಅದು ಹೆಡ್ಡನ್ನು ಕೊರೆಯುತ್ತಾ ಇಳಿಯುತ್ತದೆ, ಎತ್ತರ ತಾನಾಗಿ ಹೆಚ್ಚುತ್ತದೆ. ಎತ್ತರ ಸರಿ ಇದ್ದರೂ ಒಂದು 0.38 ಶಿಮ್ ಹಾಕಲು ಆಗುವಂತೆ ಲೆಕ್ಕ ಹಾಕಿಕೊಳ್ಳುವುದು ಇದೇ ಕಾರಣಕ್ಕೆ ಒಳ್ಳೆಯದು.

ಶಿಮ್ ಹಾಕಿದ ಮೇಲೆ ಎರಡು ಸಂದಿ ನೋಡಲೇಬೇಕು. ಮೊದಲನೆಯದು ಕಾಯಿಲ್ ಬೈಂಡ್. ಸ್ಪ್ರಿಂಗನ್ನು ವೈಸಿನಲ್ಲಿ ಸುರುಳಿಗಳೆಲ್ಲ ಒಂದಕ್ಕೊಂದು ತಾಗುವ ತನಕ ಅದುಮಿ ಆ ಎತ್ತರ ಅಳೆಯಿರಿ. ತೆರೆದ ಎತ್ತರ ಅದಕ್ಕಿಂತ ಕನಿಷ್ಠ 1ರಿಂದ 1.5 ಮಿ.ಮೀ. ಹೆಚ್ಚಿರಬೇಕು. ಕಂಪನಿಯ ಸ್ಪ್ರಿಂಗಿನಲ್ಲಿ ಜಾಗ ಧಾರಾಳ. ದಪ್ಪ ತಂತಿಯ ಸ್ಪ್ರಿಂಗಿಗೆ 7 ಮಿ.ಮೀ. ಮೀರಿದ ಲಿಫ್ಟಿನ ಕ್ಯಾಮ್ ಸೇರಿದಾಗ ಜಾಗ ಬೇಗ ಮುಗಿಯುತ್ತದೆ. ಬೈಂಡ್ ಆದರೆ ಸ್ಪ್ರಿಂಗ್ ಕಬ್ಬಿಣದ ಕಂಬವಾಗುತ್ತದೆ. ಪುಶ್ ರಾಡ್ ಬಾಗುತ್ತದೆ, ಇಲ್ಲವೇ ರಾಕರ್ ಸ್ಟಡ್ ಹೆಡ್ಡಿನಿಂದ ಕಿತ್ತು ಬರುತ್ತದೆ. ಎರಡನೆಯದು ರಿಟೈನರಿನ ತಳ ಗೈಡಿಗೆ ಅಥವಾ ಸೀಲಿಗೆ ಬಡಿಯುವುದು. ಬಾಲ್ ಪೆನ್ನಿನ ಸ್ಪ್ರಿಂಗಿನಂಥ ಮೆದು ಸ್ಪ್ರಿಂಗ್ ಹಾಕಿ, ರಿಟೈನರ್ ತಾಗುವ ತನಕ ವಾಲ್ವ್ ಎಷ್ಟು ಇಳಿಯುತ್ತದೆ ಎಂದು ಡಯಲ್ ಗೇಜಿನಲ್ಲಿ ಓದಿ. ಅದು ಲಿಫ್ಟಿಗಿಂತ 1 ಮಿ.ಮೀ.ಯಾದರೂ ಹೆಚ್ಚಿರಲಿ. ಶಿಮ್ಮಿನಿಂದ ಈ ಎರಡನೇ ಸಂದಿ ಬದಲಾಗುವುದಿಲ್ಲ, ಆದರೆ ಹೊಸ ಕ್ಯಾಮ್ ಅಥವಾ ಬೇರೆ ರಿಟೈನರ್ ಹಾಕಿದಾಗ ಬದಲಾಗುತ್ತದೆ.

ಹೆಡ್ ಬಿಚ್ಚದೆ ನೋಡುವುದು

ರೇಸಿನ ದಿನ ಹೆಡ್ ಬಿಚ್ಚಲು ಸಮಯವಿರುವುದಿಲ್ಲ. ವಾಲ್ವ್ ಕವರ್ ತೆಗೆದು, ರಾಕರನ್ನು ಸಡಿಲಿಸಿ ಪಕ್ಕಕ್ಕೆ ತಿರುಗಿಸಿ, ಸನ್ನೆಯಂಥ ಟೆಸ್ಟರಿನಿಂದ ರಿಟೈನರನ್ನು ನೇರವಾಗಿ ಕೆಳಕ್ಕೆ ಒತ್ತಬೇಕು. ರಿಟೈನರಿನ ಮೇಲೆ ಡಯಲ್ ಗೇಜಿಟ್ಟು, ಮುಳ್ಳು 0.05 ಮಿ.ಮೀ. ಅಲುಗಿದ ಕ್ಷಣದ ತೂಕ ಓದಿ. ಸ್ಪ್ರಿಂಗ್ ಎಷ್ಟು ಅದುಮಿತು ಎಂದು ಕಣ್ಣಳತೆಯಲ್ಲಿ ನೋಡಿದರೆ ಓದು ಯಾವಾಗಲೂ ಹೆಚ್ಚೇ ಬರುತ್ತದೆ. ಗೈಡಿನ ಉಜ್ಜಾಟ, ಸೀಲಿನ ಹಿಡಿತ ಸೇರುವುದರಿಂದ ಬೆಂಚಿನ ಓದಿಗಿಂತ ಇದು ತುಸು ಹೆಚ್ಚು. ಹಾಗಾಗಿ ಎಂಜಿನ್ ಮೇಲಿನ ಓದನ್ನು ಎಂಜಿನ್ ಮೇಲಿನ ಹಿಂದಿನ ಓದಿಗೇ ಹೋಲಿಸಿ.

ಪಿಸ್ಟನ್ ಎಲ್ಲಿದೆ ಎಂಬುದೂ ಮುಖ್ಯ. ಕಂಪ್ರೆಷನ್ ಸ್ಟ್ರೋಕಿನ ಟಿಡಿಸಿಗೆ (ಪಿಸ್ಟನ್ ತುತ್ತತುದಿಗೆ ಬರುವ ಜಾಗ) ಸರಿಯಾಗಿ ನಿಲ್ಲಿಸಿದರೆ ಸಾಲದು. ಹಗ್ಗ ಎಳೆಯಲು ಹಗುರಾಗಲೆಂದು ಈ ಎಂಜಿನ್ನಿನ ಕ್ಯಾಮಿನಲ್ಲಿ ಡಿಕಂಪ್ರೆಸರ್ ಇದೆ, ನಿಧಾನವಾಗಿ ತಿರುಗಿಸುವಾಗ ಅದು ಎಕ್ಸಾಸ್ಟ್ ವಾಲ್ವನ್ನು ಕೊಂಚ ಎತ್ತುತ್ತದೆ. ಟಿಡಿಸಿ ದಾಟಿಸಿ ಇನ್ನಷ್ಟು ತಿರುಗಿಸಿ, ಎರಡೂ ಪುಶ್ ರಾಡ್ ಬೆರಳಲ್ಲಿ ಸಲೀಸಾಗಿ ತಿರುಗುತ್ತಿವೆಯೇ ಎಂದು ನೋಡಿಕೊಳ್ಳಿ. ಟ್ಯಾಪೆಟ್ ಗ್ಯಾಪ್ ಇಡುವಾಗಲೂ ಇದೇ ಎಚ್ಚರ ಬೇಕು. ಹೋಂಡಾ ಹೇಳುವುದು ತಣ್ಣಗಿದ್ದಾಗ ಇನ್‌ಟೇಕ್ 0.15, ಎಕ್ಸಾಸ್ಟ್ 0.20 ಮಿ.ಮೀ. ಡಿಕಂಪ್ರೆಸರ್ ಉಬ್ಬಿನ ಮೇಲೆ ಎಕ್ಸಾಸ್ಟಿಗೆ 0.20 ಇಟ್ಟವರ ಎಂಜಿನ್ನಿನಲ್ಲಿ ನಿಜವಾದ ಗ್ಯಾಪ್ ಅದಕ್ಕಿಂತ ಬಹಳ ಹೆಚ್ಚಿರುತ್ತದೆ.

ಎಷ್ಟು ಒತ್ತಡ ಬೇಕು? ಓಡಿಸುವ ಆರ್‌ಪಿಎಂಗೆ ಫ್ಲೋಟ್ ಆಗದಷ್ಟು, ಅದರ ಮೇಲೆ ಸ್ವಲ್ಪ. ಸ್ಪ್ರಿಂಗನ್ನು ಅದುಮಲು ಹೋದ ಶಕ್ತಿಯ ಬಹುಪಾಲು ವಾಲ್ವ್ ಮುಚ್ಚುವಾಗ ಕ್ಯಾಮಿಗೆ ಮರಳಿ ಬರುತ್ತದೆ, ಆದ್ದರಿಂದ ಗಟ್ಟಿ ಸ್ಪ್ರಿಂಗ್ ಕುದುರೆಶಕ್ತಿ ತಿನ್ನುತ್ತದೆ ಎಂಬ ಭಯ ಅರ್ಧ ಮಾತ್ರ ಸರಿ. ನಿಜವಾದ ನಷ್ಟ ಉಜ್ಜಾಟದಲ್ಲಿದೆ. ಕ್ಯಾಮಿನ ಮೂಗು, ಚಪ್ಪಟೆ ಲಿಫ್ಟರಿನ ಮುಖ, ರಾಕರ್ ತುದಿ ಬೇಗ ಸವೆಯುತ್ತವೆ, ಎಣ್ಣೆಯಲ್ಲಿ ಬೂದು ಬಣ್ಣದ ಪುಡಿ ಕಾಣುತ್ತದೆ. ಕಡಿಮೆಯಾದರೆ ಆಗುವುದು ಬೇರೆ: ಉದ್ದ ಸ್ಟ್ರೇಟಿನ ಕೊನೆಯಲ್ಲಿ ಎಂಜಿನ್ ಒಡಕು ದನಿಯಲ್ಲಿ ತಡವರಿಸುತ್ತದೆ, ವಾಲ್ವ್ ಸೀಟಿಗೆ ಬಡಿದು ಪುಟಿಯುತ್ತದೆ, ಪುಶ್ ರಾಡ್ ರಾಕರಿನಿಂದ ಜಾರಿ ಬೀಳುತ್ತದೆ. ಬೀಗದ ಕೈ ತೂತಿನ ರಿಟೈನರ್ ಜಿಗಿದು ಬಿಟ್ಟುಕೊಂಡರೆ ವಾಲ್ವ್ ಸಿಲಿಂಡರಿನೊಳಗೇ ಹೋಗುತ್ತದೆ.

ಸ್ಪ್ರಿಂಗ್ ಬಿಸಿಗೆ ಮೆದುವಾಗುತ್ತದೆ, ಎಕ್ಸಾಸ್ಟಿನದು ಮೊದಲು. ಹೊಸದು ಹಾಕಿ ಮೊದಲ ಓಟ ಮುಗಿದ ಮೇಲೆ ಒಮ್ಮೆ ಅಳೆದು, ಆ ಓದನ್ನೇ ಮೂಲವೆಂದು ಬರೆದಿಡಿ. ಅಲ್ಲಿಂದ 10 ಶೇಕಡಾ ಇಳಿದರೆ ಸ್ಪ್ರಿಂಗ್ ಬದಲಿಸಿ, ಶಿಮ್ ಹಾಕಿ ಎಳೆದಾಡಿಸಬೇಡಿ. ಸೋತ ಸ್ಪ್ರಿಂಗ್ ಮುಂದಿನ ಓಟದಲ್ಲಿ ಇನ್ನಷ್ಟು ಸೋಲುತ್ತದೆ. ಉದ್ದವನ್ನೂ ನೋಡಿ: ಜಿಎಕ್ಸ್200ರ ಸ್ಪ್ರಿಂಗಿಗೆ ಹೋಂಡಾ ಕೊಡುವ ಉದ್ದ 30.5, ಬಳಸಬಹುದಾದ ಕೊನೆಯ ಮಿತಿ 29.0 ಮಿ.ಮೀ. ರೇಸಿಗೆ ಆ ಮಿತಿ ತೀರಾ ಸಡಿಲ. ನಮ್ಮ ಲೆಕ್ಕದ ಸ್ಪ್ರಿಂಗ್ 1.5 ಮಿ.ಮೀ. ಕುಗ್ಗಿದರೆ ಮುಚ್ಚಿದ ಒತ್ತಡ 4.9ರಿಂದ ಸುಮಾರು 4.1 ಕೆ.ಜಿ.ಗೆ ಇಳಿದಿರುತ್ತದೆ. ಪಂಪಿಗೆ ಅದು ಸಾಕು.

ಬರೆದಿಡುವಾಗ ಇನ್‌ಟೇಕ್ ಮತ್ತು ಎಕ್ಸಾಸ್ಟಿಗೆ ಬೇರೆ ಬೇರೆ ಸಾಲು ಇರಲಿ: ಬಿಡುವಾದ ಉದ್ದ, ಕೂರುವ ಎತ್ತರ, ಶಿಮ್, ಮುಚ್ಚಿದ ಒತ್ತಡ, ಲಿಫ್ಟ್, ತೆರೆದ ಒತ್ತಡ, ಬೈಂಡಿಗೆ ಉಳಿದ ಸಂದಿ, ದಿನಾಂಕ. ಒತ್ತಡದ ಪಕ್ಕದಲ್ಲಿ ಎತ್ತರ ಬರೆಯದ ಸಾಲನ್ನು ಹೊಡೆದು ಹಾಕಿ ಮತ್ತೆ ಅಳೆಯಿರಿ.